ಕಪ್ಪುಕಲ್ಲಿನ ನಾಡಿನಲ್ಲಿ ನಾನೆಳೆದ ಕೆಂಪು ಗೆರೆ

ಚಾಲೈ

ಇಥಿಯೋಪಿಯಕ್ಕೆ ಹೊರಟಿದ್ದೇನೆ ಎಂದಾಗ ತಿರುವನಂತಪುರದ ನನ್ನ ಪರಿಚಿತರಲ್ಲಿ ಅರ್ಧ ಜನ ಅಲ್ಲಿ ತಿನ್ನಲು ಏನು ಸಿಗುತ್ತದೆ ಎಂದು ಕೇಳಿದರು. ಇನ್ನರ್ಧ ಜನ, ಕಲ್ಲು ನೋಡಲು ಅಷ್ಟು ದೂರ ಹೋಗಬೇಕೇ ಎಂದರು. ಮೊದಲನೆಯ ಪ್ರಶ್ನೆಗೆ ಉತ್ತರ ನನಗೂ ಗೊತ್ತಿರಲಿಲ್ಲ. ಎರಡನೆಯದಕ್ಕೆ ಮಾತ್ರ ಗತ್ತಿನಿಂದಲೇ ಹೇಳಿದೆ, ನೀವು ಬಂಗಾರ ನೋಡಲು ಅಂಗಡಿಯಿಂದ ಅಂಗಡಿಗೆ ಹೋಗುವುದಿಲ್ಲವೇ ಎಂದು.

ನಾನು ಕಾಸರಗೋಡಿನವಳು, ಕೇಂದ್ರ ಸರಕಾರದ ಕಚೇರಿಯೊಂದರಲ್ಲಿ ಭೂವಿಜ್ಞಾನಿ. ಕೆಲಸ ತಿರುವನಂತಪುರದಲ್ಲಿ. ಗಂಡ ಕೊಚ್ಚಿಯ ಬ್ಯಾಂಕಿನಲ್ಲಿ, ಮಗಳು ಅವರ ಜೊತೆ ತ್ರಿಪ್ಪುಣಿತ್ತುರದ ಮನೆಯಲ್ಲಿ. ಹಾಗಾಗಿ ವಾರದ ಐದು ದಿನ ನಾನು ಕಲ್ಲಿನವಳು, ಎರಡು ದಿನ ರೈಲಿನವಳು. ನನ್ನ ಕೆಲಸವೆಂದರೆ ನಕ್ಷೆ ಬರೆಯುವುದು. ಗುಡ್ಡ ಹತ್ತಿ ಇಳಿದು, ಯಾವ ಕಲ್ಲು ಎಲ್ಲಿ ಮುಗಿದು ಯಾವುದು ಶುರುವಾಗುತ್ತದೆ, ಎಲ್ಲಿ ಬಾಗಿ ಮಡಿಕೆಯಾಗಿದೆ, ಎಲ್ಲಿ ಮುರಿದು ಮೇಲೆ ಕೆಳಗೆ ಸರಿದಿದೆ ಎಂಬುದನ್ನು ಕಾಗದದ ಮೇಲೆ ಇಡಬೇಕು. ಹೀಗೆ ಮುರಿದು ಸರಿದ ಜಾಗಕ್ಕೆ ಸ್ತರಭಂಗ ಎನ್ನುತ್ತೇವೆ, ಅದನ್ನು ಕೆಂಪು ಗೆರೆಯಲ್ಲಿ ತೋರಿಸುತ್ತೇವೆ. ಕೇರಳದ ಹಳೆಯ ಕಲ್ಲುಗಳು ಕತ್ತರಿಸಿದ ಪತ್ರೊಡೆಯ ಹಾಗೆ ಸುರುಳಿ ಸುರುಳಿ. ಅವನ್ನು ಓದಿ ಓದಿ ಮಡಿಕೆ ಕಂಡರೆ ಸಾಕು, ನನಗೆ ಹಬ್ಬ.

ಹೊರಡುವ ಮುನ್ನ ಚಾಲೈ ಪೇಟೆಗೆ ಹೋಗಿ ಕಲ್ಲಿನ ಮಾದರಿ ಕಟ್ಟಿಡಲು ದಪ್ಪ ಪ್ಲಾಸ್ಟಿಕ್ ಚೀಲ ರಾಶಿಗಟ್ಟಲೆ ಕೊಂಡೆ. ಅಂಗಡಿಯವನು ನನ್ನನ್ನು ಮೇಲಿಂದ ಕೆಳಗೆ ನೋಡಿ, "ಚೇಚಿಕ್ಕ್ ಮೀನ್ ಕಚ್ಚವಡಮಾಣೋ?" ಎಂದ. ಮೀನಿನ ವ್ಯಾಪಾರವಲ್ಲ, ಕಲ್ಲಿನದು ಎಂದೆ. ಅವನಿಗೆ ಅದಕ್ಕಿಂತ ಮೀನೇ ವಾಸಿ ಎನಿಸಿರಬೇಕು.

ಆಲುವ

ತ್ರಿಪ್ಪುಣಿತ್ತುರದಿಂದ ಆಲುವದವರೆಗೆ, ಮೆಟ್ರೋದ ಒಂದು ತುದಿಯಿಂದ ಇನ್ನೊಂದು ತುದಿಗೆ, ಗಂಡ ಮತ್ತು ಮಗಳು ನನ್ನನ್ನು ಕಳಿಸಲು ಬಂದರು. ಮಗಳಿಗೆ ನಾನು ದಾರಿಯುದ್ದಕ್ಕೂ ಕನ್ನಡದಲ್ಲಿ ಬುದ್ಧಿ ಹೇಳಿದೆ. ಅವಳು ಎಲ್ಲ ಕೇಳಿಸಿಕೊಂಡು ಮಲಯಾಳದಲ್ಲಿ ಒಂದೇ ಪ್ರಶ್ನೆ ಕೇಳಿದಳು, "ಅಮ್ಮೇ, ಅವಿಡೆ ನೆಟ್ ಉಂಡೋ?" ಅಲ್ಲಿ ನೆಟ್ ಇದೆಯೋ ಇಲ್ಲವೋ ಎಂಬುದರ ಮೇಲೆ ಅವಳ ದುಃಖದ ಅಳತೆ ನಿಂತಿತ್ತು.

ವಿಮಾನ ನಿಲ್ದಾಣದಲ್ಲಿ ಪಾಟೀಲ್ ಸರ್ ಸಿಕ್ಕರು. ಅವರು ಕೊಚ್ಚಿ ಕಚೇರಿಯ ಹಿರಿಯರು, ವಿಜಯಪುರದವರು, ಅಲ್ಲಿನ ಸರಕಾರಕ್ಕೆ ನಕ್ಷೆ ಬರೆದುಕೊಡುವ ಈ ಪ್ರಯಾಣಕ್ಕೆ ನನ್ನ ಜೊತೆಗಾರರು. ಲಾವಾ ಹರಿದು ಹೆಪ್ಪುಗಟ್ಟಿದ ಕಪ್ಪುಕಲ್ಲಿನ ಮೇಲೆಯೇ ಹುಟ್ಟಿ ಬೆಳೆದವರು. ತಪಾಸಣೆಯ ಯಂತ್ರದಲ್ಲಿ ಅವರ ಚೀಲ ನಿಂತುಬಿಟ್ಟಿತು. ಒಳಗೆ ದುಂಡಗೆ, ತೆಳ್ಳಗೆ, ಒಂದರ ಮೇಲೊಂದು ಪೇರಿಸಿದ್ದು ಏನೆಂದು ಅಧಿಕಾರಿಗೆ ತಿಳಿಯಲಿಲ್ಲ. ಹೊರಗೆ ತೆಗೆಸಿ ಬೆರಳಿನಿಂದ ತಟ್ಟಿ ನೋಡಿದ. ಟಕ್ ಟಕ್ ಎಂದಿತು.

"ಇದೆಂದಾ ಸಾರೇ? ಕಲ್ಲಾಣೋ?"

"ಖಡಕ್ ರೊಟ್ಟಿ ರೀ. ತಿನ್ನೂದದು," ಎಂದು ಪಾಟೀಲ್ ಸರ್ ಒಂದನ್ನು ಮುರಿದು ಅವನ ಕೈಗೇ ಕೊಟ್ಟರು. ಹನ್ನೆರಡು ವರ್ಷ ಕೊಚ್ಚಿಯಲ್ಲಿದ್ದರೂ ಅವರು ಅಲ್ಲಿ ಯಾರೊಡನೆಯೂ ತಮ್ಮೂರ ಕನ್ನಡ ಬಿಟ್ಟವರಲ್ಲ. ಅಧಿಕಾರಿ ಅಗಿದು ನೋಡಿ ನಮ್ಮನ್ನು ಬಿಟ್ಟ.

ಪ್ರಸ್ಥಭೂಮಿಯ ಮೇಲೆ

ಆಡಿಸ್ ಅಬಾಬದಿಂದ ಉತ್ತರಕ್ಕೆ ಇಡೀ ದಿನ ಪ್ರಯಾಣ. ನೆಲ ಚಾಪೆ ಹಾಸಿದಂತೆ ಸಮತಟ್ಟು, ಹೊಲ, ಮತ್ತೆ ಹೊಲ. ಇದ್ದಕ್ಕಿದ್ದಂತೆ ಮುಂದೆ ನೆಲವೇ ಇಲ್ಲ, ಕಮರಿ. ಕಮರಿಯ ಗೋಡೆಯಲ್ಲಿ ಲಾವಾದ ಪದರಗಳು ಒಂದರ ಮೇಲೊಂದು ಇಟ್ಟ ದೋಸೆಗಳ ಹಾಗೆ ಅಡ್ಡಡ್ಡ ಮಲಗಿದ್ದವು. ಎರಡು ಕಪ್ಪು ಪದರಗಳ ನಡುವೆ ಅಲ್ಲಲ್ಲಿ ಇಟ್ಟಿಗೆಯ ಬಣ್ಣದ ತೆಳು ಪಟ್ಟಿ. ಒಂದು ಲಾವಾ ಆರಿ ಅದರ ಮೇಲೆ ಮಣ್ಣಾಗಿ, ಆ ಮಣ್ಣನ್ನು ಮುಂದಿನ ಲಾವಾ ಬಂದು ಸುಟ್ಟರೆ ಈ ಕೆಂಪು ಬರುತ್ತದೆ. ನಕ್ಷೆ ಬರೆಯುವವರಿಗೆ ಇದೇ ಗುರುತು. ಕೆಂಪು ಪಟ್ಟಿಯ ಜಾಡು ಹಿಡಿದು ನಡೆದರೆ ಎಲ್ಲಿದ್ದೇವೆಂದು ತಪ್ಪುವುದಿಲ್ಲ.

"ನಮ್ಮೂರಿಗೆ ಬಂದಂಗಾತ್ರೀ ಮೇಡಂ," ಎಂದು ಪಾಟೀಲ್ ಸರ್ ಗಾಡಿಯಿಂದಿಳಿದು ಕಲ್ಲಿನ ಮೇಲೆ ಕೈಯಾಡಿಸಿದರು. ನನಗೆ ಮಾತ್ರ ಸ್ವಲ್ಪ ಬೇಸರವೇ. ಎಲ್ಲ ಚಪ್ಪಟೆ. ಒಂದು ಮಡಿಕೆಯಾದರೂ ಬೇಡವೇ?

ನಮ್ಮನ್ನು ಕರೆದುಕೊಂಡು ಹೋದವನು ತಾದೆಸೆ. ಆ ದೇಶದ ಭೂವಿಜ್ಞಾನಿ, ಮೂವತ್ತರ ಆಸುಪಾಸಿನವನು, ಗಾಡಿಯನ್ನೂ ಅವನೇ ಓಡಿಸುತ್ತಿದ್ದ. ಅವನೊಡನೆ ನಮ್ಮ ಮಾತು ಇಂಗ್ಲಿಷಿನಲ್ಲಿ. ಅಲ್ಲಿನ ಗಡಿಯಾರ ಸೂರ್ಯ ಹುಟ್ಟುವಾಗ ದಿನ ಶುರುಮಾಡುತ್ತದೆ, ನಮ್ಮ ಏಳು ಗಂಟೆ ಅವರಿಗೆ ಒಂದು ಗಂಟೆ. ಇದನ್ನು ಅವನು ಮೊದಲೇ ಹೇಳಿದ್ದ. ಆದರೂ ಲಾಡ್ಜಿನ ಹೆಂಗಸು ಒಂದು ಗಂಟೆಗೆ ತಿಂಡಿ ಎಂದಾಗ ಪಾಟೀಲ್ ಸರ್, ಇದೆಂಥ ಪದ್ಧತಿ ಎಂದು ಬೈದುಕೊಂಡು ರೊಟ್ಟಿ ತಿಂದು ಕುಳಿತರು. ಒಂಬತ್ತಕ್ಕೆ ಕೆಳಗಿಳಿದರೆ ತಿಂಡಿ ಮುಗಿದು ಪಾತ್ರೆ ತೊಳೆದಾಗಿತ್ತು.

ಊಟದ ಚಿಂತೆ ಎರಡನೇ ದಿನಕ್ಕೇ ಹೋಯಿತು. ಬುಧವಾರ, ಶುಕ್ರವಾರ ಅಲ್ಲಿ ಉಪವಾಸ. ಉಪವಾಸವೆಂದರೆ ಮಾಂಸ, ಹಾಲು, ಮೊಟ್ಟೆ ಇಲ್ಲದ ಊಟ. ಇಂಜೆರಾ ಎಂಬ ಹುಳಿ ದೋಸೆಯ ನಡುವೆ ಕಡಲೆಹಿಟ್ಟಿನ ಬಿಸಿ ಬಿಸಿ ಪಲ್ಯ ಸುರಿದು ಕೊಟ್ಟರು. ಪಾಟೀಲ್ ಸರ್ ಒಂದು ತುತ್ತು ತಿಂದು ಕಣ್ಣರಳಿಸಿದರು. "ಇದು ಝುಣಕಾನ ಬಿಡ್ರಿ. ಯಾರೋ ನಮ್ಮ ಕಡೆಯವರು ಬಂದು ಕಲಿಸಿ ಹೋಗ್ಯಾರ."

ಮಡಿಕೆ

ನಮ್ಮ ಪಾಲಿಗೆ ಬಂದ ನಕ್ಷೆಯ ಹಾಳೆಯಲ್ಲಿ ಒಂದು ಊರಿತ್ತು. ಕಮರಿಯ ಇಳಿಜಾರಿನ ಅರ್ಧದಲ್ಲಿ, ದೊಡ್ಡ ಮೆಟ್ಟಿಲಿನಂಥ ಅಗಲ ಜಾಗದಲ್ಲಿ ಮೂವತ್ತು ಮನೆ. ಹಿಂಬದಿ ಬಂಡೆ, ಮುಂದೆ ಆಳ. ಮೆಟ್ಟಿಲಿನ ಹಿಂಬದಿಗೆ ವರ್ಷವಿಡೀ ಒರತೆ, ಹಸಿರು ಹುಲ್ಲು. ಅಲ್ಲಿ ಶಾಲೆ ಕಟ್ಟಬೇಕೆಂದು ಊರಿನವರ ಆಸೆ. ಜಾಗ ಕೊಟ್ಟವರು ಅಲ್ಮಾಜ್, ಐವತ್ತು ದಾಟಿದ ವಿಧವೆ. ತಮ್ಮ ಮನೆಯ ಪಕ್ಕದ ಹೊಲವನ್ನೇ ಬಿಟ್ಟುಕೊಟ್ಟಿದ್ದರು. ಊರಿನ ಕಚೇರಿಗೆ ನಮ್ಮಿಂದ ಬೇಕಾದದ್ದು ಒಂದೇ ಮಾತು, ಆ ನೆಲ ಗಟ್ಟಿಯೇ ಅಲ್ಲವೇ? ಶನಿವಾರದ ಸಭೆಯಲ್ಲಿ ಹೇಳಬೇಕು, ಅಂದೇ ಅಡಿಗಲ್ಲು.

ನಾನು ಬುಧವಾರ, ಗುರುವಾರ ಎರಡೇ ದಿನದಲ್ಲಿ ಮುಗಿಸಿದೆ. ಮೇಲಿನ ಬಂಡೆಯಲ್ಲಿ ಕಾಣುವ ಕೆಂಪು ಪಟ್ಟಿ ಊರಿನ ಬದಿಯಲ್ಲಿ ಬಹಳ ಕೆಳಗೆ ಮತ್ತೆ ಕಾಣುತ್ತಿತ್ತು. ಅಂದರೆ ನಡುವೆ ನೆಲ ಮುರಿದು ಸರಿದಿದೆ. ಊರಿನ ಕೆಳಗಿನ ತೊರೆಯಲ್ಲಿ ಇಳಿದು ನೋಡಿದರೆ, ಲಾವಾದ ಅಡಿಯಲ್ಲಿದ್ದ ಜೇಡಿಮಣ್ಣಿನ ಪದರ ಸುರುಳಿ ಸುತ್ತಿಕೊಂಡಿದೆ! ಮಡಿಕೆ! ಆ ಚಪ್ಪಟೆ ನಾಡಿನಲ್ಲಿ ನನಗಾಗಿಯೇ ಕಾದಿದ್ದ ಹಾಗೆ. ಸ್ತರಭಂಗದ ಎಳೆತಕ್ಕೆ ಪದರ ಮಡಿಚಿಕೊಂಡಿದೆ, ಅದು ಯಾವುದೋ ಕಾಲದಲ್ಲಿ ನಡೆದು ನಿಂತುಹೋದದ್ದು, ಇನ್ನು ಅಲುಗುವುದಿಲ್ಲ ಎಂದು ತೀರ್ಮಾನಿಸಿ ಊರಿನ ಹಿಂದೆ ಉದ್ದಕ್ಕೆ ಕೆಂಪು ಗೆರೆ ಎಳೆದೆ.

ಪಾಟೀಲ್ ಸರ್ ಮಡಿಕೆಯ ಮುಂದೆ ಬಹಳ ಹೊತ್ತು ನಿಂತರು. "ನಮ್ಮ ಕಡೆ ಈ ಕಲ್ಲಿನ್ಯಾಗ ಮಡಿಕಿ ನಾ ಕಂಡೇ ಇಲ್ರೀ. ಎಲ್ಲಿಂದ ಬಂತಿದು?"

"ಮಡಿಕೆ ನೋಡಿಯೇ ನನ್ನ ಕೂದಲು ಹಣ್ಣಾದದ್ದು ಸರ್. ಇದರಲ್ಲಿ ಸಂಶಯ ಎಂತದ್ದೂ ಇಲ್ಲ."

"ನೀವಂದ ಮ್ಯಾಲ ಆತು," ಎಂದು ಅವರು ಸುಮ್ಮನಾದರು. ತಾದೆಸೆಗೆ ವಿವರಿಸಿದಾಗ ಅವನು ಪ್ರತಿ ವಾಕ್ಯಕ್ಕೂ ಹಾ ಎಂದು ಉಸಿರನ್ನು ಒಳಕ್ಕೆ ಎಳೆದುಕೊಂಡ. ನನ್ನ ಜಾಣತನಕ್ಕೆ ಬೆರಗಾದನೆಂದು ಉಬ್ಬಿದೆ. ಅಲ್ಲಿನ ಜನ ಹೂಂಗುಟ್ಟುವುದೇ ಹಾಗೆ ಎಂದು ತಿಳಿದದ್ದು ಆಮೇಲೆ.

ಆ ಎರಡು ದಿನವೂ ಅಲ್ಮಾಜ್ ನಮ್ಮನ್ನು ಕಾಫಿಗೆ ಕರೆದಿದ್ದರು. ಎರಡು ದಿನವೂ ನಾನು ಒಂದು ಬಟ್ಟಲು ಕುಡಿದು ಎದ್ದುಬಿಟ್ಟೆ. ಕಾಫಿಯೆಂದರೆ ನಮಗೆ ಬಸ್ಸಿಗೆ ಕಾಯುತ್ತಾ ನಿಂತಲ್ಲೇ ಮುಗಿಸುವ ಕೆಲಸ. ಅಲ್ಲಿ ಮೂರು ಸುತ್ತು, ಮೂರನೆಯದರಲ್ಲಿ ಮನೆಯವರ ಹಾರೈಕೆ ಇರುತ್ತದೆ, ಅದನ್ನು ಬಿಟ್ಟು ಏಳಬಾರದು ಎಂದು ತಾದೆಸೆ ಮುಜುಗರದಿಂದಲೇ ಹೇಳಿದ. ಕೆಲಸ ಉಂಟಲ್ಲ ಎಂದೆ. ಗುರುವಾರ ಏಳುವಾಗ ಅಲ್ಮಾಜ್ ನೆಲದ ಮಾತು ಕೇಳಿಸಿದರು, ಗಟ್ಟಿಯೇ ಎಂದು ಹೇಳಿ ಬಂದೆ.

ಮೂರನೆಯ ಸುತ್ತು

ಶುಕ್ರವಾರ ಮಧ್ಯಾಹ್ನ ಮಳೆ ಬಂತು. ಗಾಡಿ ಹೊರಡಿಸಿದರೆ ಚಕ್ರ ಕಪ್ಪು ಮಣ್ಣಿನಲ್ಲಿ ಅರ್ಧ ಹೂತಿತು.

"ಎರಿಮಣ್ಣು ರೀ. ಹಸಿ ಆದ್ರ ಎಮ್ಮಿನೂ ಬಿಡಂಗಿಲ್ಲ. ಸುಮ್ನ ಕುಂದರ್ರಿ," ಎಂದು ಪಾಟೀಲ್ ಸರ್ ಸೀದಾ ಅಲ್ಮಾಜ್ ಅವರ ಮನೆಗೆ ನಡೆದರು. ಈ ಸಲ ಏಳಲು ನನಗೆ ನೆಪವಿರಲಿಲ್ಲ.

ಅಲ್ಮಾಜ್ ನೆಲಕ್ಕೆ ಹಸಿ ಹುಲ್ಲು ಹರಡಿದರು, ಕೆಂಡದ ಮೇಲೆ ಧೂಪ ಹಾಕಿದರು. ಕಾಫಿ ಬೀಜವನ್ನು ನಮ್ಮೆದುರೇ ಹುರಿದು, ಹೊಗೆಯನ್ನು ಒಬ್ಬೊಬ್ಬರ ಮೂಗಿನ ಹತ್ತಿರ ತಂದು ತೋರಿಸಿ, ಕುಟ್ಟಿ, ಮಣ್ಣಿನ ಹೂಜಿಯಲ್ಲಿ ಕುದಿಸಿದರು. ಪುಟ್ಟ ಬಟ್ಟಲುಗಳನ್ನು ಗಿಡ್ಡ ಮರದ ಮಣೆಯ ಮೇಲೆ ಒತ್ತೊತ್ತಾಗಿ ಜೋಡಿಸಿ ಅಂಚಿನವರೆಗೆ ಸುರಿದರು. ಮೊದಲ ಸುತ್ತು ಗಾಢ. ಎರಡನೆಯದಕ್ಕೆ ಅದೇ ಪುಡಿಗೆ ನೀರು. ಮಾಡಲು ಕೆಲಸವಿಲ್ಲದೆ ನಾನು ಸುತ್ತ ನೋಡುತ್ತಾ ಕುಳಿತೆ.

ಮೂರನೆಯ ಸುತ್ತಿಗೆ ಬಟ್ಟಲು ತುಂಬುವ ಮುನ್ನ ಅಲ್ಮಾಜ್ ಮಣೆಯ ಒಂದು ಬದಿಯ ಕಾಲಿನ ಕೆಳಗೆ ಕೈ ಹಾಕಿ ಏನನ್ನೋ ಸರಿಮಾಡಿದರು. ಬಗ್ಗಿ ನೋಡಿದೆ. ಚಪ್ಪಟೆ ಕಲ್ಲಿನ ಚೂರುಗಳು, ಒಂದರ ಮೇಲೊಂದು ಮೂರು. ಗುಡ್ಡದ ಕಡೆಯ ಕಾಲಿಗೆ ಮಾತ್ರ.

"ಇದು ಯಾಕೆ ಎಂದು ಕೇಳು," ಎಂದೆ ತಾದೆಸೆಗೆ.

ಅವನು ಕೇಳಿ ಹೇಳಿದ. "ಇಲ್ಲದಿದ್ದರೆ ಕಾಫಿ ಆ ಕಡೆಗೆ ಚೆಲ್ಲುತ್ತದಂತೆ. ಮದುವೆಯಾಗಿ ಬಂದಾಗ ಒಂದೂ ಇರಲಿಲ್ಲ. ಕೊನೆಯದನ್ನು ಹೋದ ಮಳೆಗಾಲ ಮುಗಿದ ಮೇಲೆ ಇಟ್ಟರಂತೆ."

ಮನೆ ಗುಡ್ಡದ ಕಡೆಗೆ ವಾಲಿದೆ, ಮತ್ತು ಇನ್ನೂ ವಾಲುತ್ತಿದೆ. ಗೋಡೆ ಎಲ್ಲಾದರೂ ಬಿರುಕು ಬಿಟ್ಟಿದೆಯೇ ಎಂದು ಕೇಳಿಸಿದೆ. ಅಲ್ಮಾಜ್ ಅವರ ಮುಖ ಬಿಗಿಯಾಯಿತು. ಆಮೇಲೆ ಎದ್ದು ಧಾನ್ಯದ ಮಣ್ಣಿನ ಕಣಜವನ್ನು ಪಕ್ಕಕ್ಕೆ ಸರಿಸಿದರು. ಹಿಂದೆ ನೆಲದಿಂದ ಸೂರಿನವರೆಗೆ ಬಿರುಕು, ಅದರ ಮೇಲೆ ವರ್ಷ ವರ್ಷ ಮೆತ್ತಿದ ಮಣ್ಣು. ಗೋಡೆ ಬಿರುಕು ಬಿಟ್ಟರೆ ಮನೆಯ ಹೆಂಗಸು ಸರಿಯಾಗಿ ಮೆತ್ತಿಲ್ಲ ಎಂದು ಊರು ಆಡಿಕೊಳ್ಳುತ್ತದಂತೆ. ಆ ಮಧ್ಯಾಹ್ನವೇ ಇನ್ನೂ ಆರು ಮನೆ ನೋಡಿದೆವು. ಆರರಲ್ಲೂ ಕಣಜ ಗುಡ್ಡದ ಕಡೆಯ ಗೋಡೆಗೆ ಒತ್ತಿಕೊಂಡಿತ್ತು. ಪ್ರತಿಯೊಬ್ಬರೂ ಅದು ತಮ್ಮೊಬ್ಬರ ಮನೆಯ ನಾಚಿಕೆಯೆಂದು ಮುಚ್ಚಿಟ್ಟಿದ್ದರು.

ಮಳೆ ನಿಂತ ಮೇಲೆ ನಾನು ಊರಿನ ಹಿಂದಿನ ಬಂಡೆಯ ಬುಡಕ್ಕೆ ಹೋದೆ. ಎರಡು ದಿನ ಮೊದಲೇ ಹೋಗಬೇಕಾಗಿದ್ದ ಜಾಗ. ಕೆಳಗೆ ಮಡಿಕೆ ಸಿಕ್ಕಿದ ಖುಷಿಯಲ್ಲಿ ಹೋಗಿರಲಿಲ್ಲ, ದೂರದಿಂದಲೇ ಗೆರೆ ಎಳೆದಿದ್ದೆ. ಹುಲ್ಲಿನ ನಡುವೆ ಬಿಲ್ಲಿನಾಕಾರದ ಬಿರುಕು ಊರನ್ನು ಹಿಂದಿನಿಂದ ಸುತ್ತುವರಿದಿತ್ತು. ಕೈ ಹಾಕಿದರೆ ಮೊಣಕೈವರೆಗೆ ಹೋಯಿತು, ಅಂಚಿನ ಮಣ್ಣು ಹೊಸದು.

ಸ್ತರಭಂಗವೂ ಅಲ್ಲ, ಏನೂ ಅಲ್ಲ. ಗುಡ್ಡದ ಒಂದು ದೊಡ್ಡ ತುಂಡು ಊರನ್ನು ಹೊತ್ತುಕೊಂಡು ಜೇಡಿಯ ಮೇಲೆ ಮೆಲ್ಲಗೆ ಜಾರುತ್ತಿತ್ತು, ಜಾರುತ್ತಾ ಹಿಂದಕ್ಕೆ ವಾಲುತ್ತಿತ್ತು. ಕೆಳಗೆ ಹಿಸುಕಿಹೋದ ಜೇಡಿಯೇ ನನ್ನ ಮಡಿಕೆ. ಹಿಂದೆ ತಗ್ಗಿದ ಜಾಗದಲ್ಲಿ ನಿಂತ ನೀರೇ ಆ ಒರತೆ. ಕೇರಳದಲ್ಲಿ ಕುಸಿದ ಗುಡ್ಡ ನೋಡಲು ನಾನು ಎಷ್ಟೋ ಸಲ ಹೋಗಿದ್ದೇನೆ. ನಮ್ಮಲ್ಲಿ ಉರುಳ್‌ಪೊಟ್ಟಲ್ ಎನ್ನುವ ಭೂಕುಸಿತ ಒಂದೇ ಮಳೆಗೆ, ಒಂದೇ ಗಳಿಗೆಯಲ್ಲಿ ಬರುತ್ತದೆ. ಹೀಗೆ ಎಷ್ಟೋ ವರ್ಷಕ್ಕೊಂದು ಚೂರು ಕಲ್ಲಿನಷ್ಟು ಬರುವ ಕುಸಿತ ನನ್ನ ಕಣ್ಣಿಗೆ ಬೀಳಲೇ ಇಲ್ಲ. ನಾಳೆ ಸಭೆಯಲ್ಲಿ ನಾನು ಗಟ್ಟಿ ಎನ್ನಲಿದ್ದ ನೆಲದ ಮೇಲೆ ಮಕ್ಕಳನ್ನು ಕೂರಿಸಲಿದ್ದರು.

ಸಂಜೆ ತ್ರಿಪ್ಪುಣಿತ್ತುರಕ್ಕೆ, ಗಂಡನಿಗೆ ಫೋನ್ ಮಾಡಿದೆ.

"ಒಂದು ತಪ್ಪಾಯಿತು ಮಾರಾಯ್ರೇ," ಎಂದೆ.

"ಎಷ್ಟು ದೊಡ್ಡದು?"

"ಒಂದು ಊರಿನಷ್ಟು."

"ಗೊತ್ತಾಯಿತಲ್ಲ, ಇನ್ನು ಹೇಳಿಬಿಡು. ನಿನಗೆ ಹೇಳ್ಲಿಕ್ಕೆ ಹೆದರಿಕೆ ಯಾವಾಗ ಇದ್ದದ್ದು?"

ಸಭೆ

ಮರದ ಕೆಳಗೆ ಇಡೀ ಊರು ಕುಳಿತಿತ್ತು. ಅಡಿಗಲ್ಲು ತೊಳೆದು ತಯಾರಿತ್ತು. ಪಾಟೀಲ್ ಸರ್ ಪಕ್ಕಕ್ಕೆ ಕರೆದರು.

"ನಮ್ಮಿಂದ ತಪ್ಪಾಗೇದ ಅನ್ರಿ ಮೇಡಂ. ನಿಮ್ಮೊಬ್ಬರ ಮ್ಯಾಲ ಯಾಕ ಹಾಕ್ಕೋತೀರಿ? ನಾನೂ ಸುಮ್ನಿದ್ದೆ."

"ನೀವು ಕೇಳಿದ್ರಿ ಸರ್. ನಾನು ಕೇಳಿಸಿಕೊಳ್ಳಲಿಲ್ಲ."

ನಕ್ಷೆ ಬಿಡಿಸಿ, ಕೆಂಪು ಗೆರೆಯ ಮೇಲೆ ಎಲ್ಲರೆದುರು ಅಡ್ಡ ಹೊಡೆದೆ. ಇದು ನಾನು ಎಳೆದದ್ದು, ತಪ್ಪು ಎಂದೆ. ಆಮೇಲೆ ಬಿರುಕಿನ ಮಾತು, ಕಣಜದ ಹಿಂದಿನ ಗೋಡೆಗಳ ಮಾತು. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಶಾಲೆ ಇಲ್ಲಿ ಬೇಡ, ಮುಂದಿನ ಮಳೆಗೆ ಮೊದಲು ಮನೆಗಳೂ ಇಲ್ಲಿಂದ ಏಳಬೇಕು ಎಂದಾಗ ನನ್ನ ದನಿ ನಡುಗಲಿಲ್ಲ. ಎರಡು ದಿನದ ಹಿಂದೆ ಊಹೆಯ ಮೇಲೆ ಧೈರ್ಯವಿತ್ತು. ಈಗ ಕೈ ಹಾಕಿ ನೋಡಿದ್ದೆ.

ಅಲ್ಮಾಜ್ ಎದ್ದು ನಿಂತರು. ತಾದೆಸೆ ತಗ್ಗಿದ ದನಿಯಲ್ಲಿ ಹೇಳುತ್ತಾ ಹೋದ. "ಗುರುವಾರ ಈ ನೆಲ ಗಟ್ಟಿ ಎಂದವರೂ ಇವರೇ, ಇವತ್ತು ಏಳಿ ಎನ್ನುವವರೂ ಇವರೇ. ಇವರು ವಿಮಾನ ಹತ್ತಿ ಹೋಗುತ್ತಾರೆ. ನಾವು ನೀರು ಬಿಟ್ಟು ಎಲ್ಲಿಗೆ ಹೋಗಬೇಕು?"

ಬಂಡೆಯ ಮೇಲಿನ ದಿಣ್ಣೆ ಗಟ್ಟಿ, ಆದರೆ ನೀರು ದೂರ ಎಂದು ಇದ್ದದ್ದನ್ನು ಇದ್ದಂತೆ ಹೇಳಿದೆ. ನೀರನ್ನು ಮೇಲೆ ತರುವ ದಾರಿ ನೋಡುವುದಾಗಿ ಊರಿನ ಕಚೇರಿಯವರು ಅಂದರು. ಅಲ್ಮಾಜ್ ಮಾತು ಮುಗಿಯುವ ಮೊದಲೇ ಹೊರಟುಹೋದರು. ಆ ದಿನ ನಮ್ಮನ್ನು ಯಾರೂ ಕಾಫಿಗೆ ಕರೆಯಲಿಲ್ಲ. ಬೇಜಾರಾಯಿತು, ಸುಳ್ಳು ಯಾಕೆ ಹೇಳಲಿ.

ಹೊರಡುವ ಬೆಳಗ್ಗೆ

ಆಡಿಸ್ ಅಬಾಬಕ್ಕೆ ಹೊರಟ ನಮ್ಮ ಗಾಡಿ ಊರಿನ ಮೇಲಿನ ತಿರುವಿಗೆ ಬಂದಾಗ ಸುತ್ತಿಗೆಯ ಸದ್ದು ಕೇಳಿತು. ತಾದೆಸೆ ಗಾಡಿ ನಿಲ್ಲಿಸಿದ. ಅಲ್ಮಾಜ್ ತಮ್ಮ ಮನೆಯ ಮಾಡಿನ ಮೇಲೆ ಕುಳಿತು ತಗಡಿನ ಮೊಳೆ ಕೀಳುತ್ತಿದ್ದರು. ಕೆಳಗೆ ಏಳೆಂಟು ಹೆಂಗಸರು ಸುಮ್ಮನೆ ನಿಂತು ನೋಡುತ್ತಿದ್ದರು, ಯಾರೂ ಕೈ ಹಚ್ಚಿರಲಿಲ್ಲ.

ನನ್ನನ್ನು ಕಂಡು ಅಲ್ಮಾಜ್ ಏಣಿಯಿಂದ ಇಳಿದು ನೇರ ಮೇಲಕ್ಕೆ ಬಂದರು. ನಗಲಿಲ್ಲ, ಕೈ ಕುಲುಕಲಿಲ್ಲ. ಒಂದೇ ಮಾತು ಹೇಳಿದರು.

"ಎಲ್ಲಿ ಕಟ್ಟಬೇಕು, ತೋರಿಸು ಎನ್ನುತ್ತಾರೆ," ಎಂದ ತಾದೆಸೆ.

ದಿಣ್ಣೆಯ ಮೇಲೆ ಹೋದೆವು. ಹೆಂಗಸರೂ ಹಿಂದೆ ಬಂದರು. ಕಪ್ಪುಕಲ್ಲು ಹೊರಗೆ ಕಾಣುವ ಒಂದು ಜಾಗದಲ್ಲಿ ನಾನು ನನ್ನ ಸುತ್ತಿಗೆಯಿಂದ ಬಡಿದೆ. ಕಲ್ಲು ಗಂಟೆಯ ಹಾಗೆ ಖಣ್ ಎಂದಿತು. ಬುಡದವರೆಗೆ ಒಂದೇ ಕಲ್ಲಾಗಿದ್ದರೆ ಹೀಗೆ ಕೇಳುತ್ತದೆ, ಒಳಗೆ ಬಿರಿದಿದ್ದರೆ ಡಬ್ ಎನ್ನುತ್ತದೆ ಎಂದು ಎರಡನ್ನೂ ಬಡಿದು ತೋರಿಸಿದೆ. ಇಲ್ಲಿ ಕಟ್ಟಿ ಎಂದೆ.

ಅಲ್ಮಾಜ್ ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈಯಿಂದ ಸುತ್ತಿಗೆ ತೆಗೆದುಕೊಂಡು ತಾವೇ ಬಡಿದರು. ಕಿವಿಗೊಟ್ಟರು. ಎರಡು ಹೆಜ್ಜೆ ಸರಿದು ಮತ್ತೆ ಬಡಿದರು. ನಾನು ತೋರಿಸಿದ ಜಾಗ ದಾಟಿ ದಿಣ್ಣೆಯ ಉದ್ದಕ್ಕೂ, ಒಂದು ಮನೆಗಲ್ಲ, ಮೂವತ್ತು ಮನೆಗೆ ಆಗುವಷ್ಟು ದೂರ, ಬಗ್ಗಿ ಬಗ್ಗಿ ಬಡಿಯುತ್ತಾ ಹೋದರು. ಡಬ್ ಎಂದಲ್ಲೆಲ್ಲ ಹೆಂಗಸರು ಒಂದು ಕಲ್ಲು ಇಟ್ಟು ಗುರುತು ಮಾಡಿದರು.

ಪಾಟೀಲ್ ಸರ್ ಗಾಡಿಯ ಹತ್ತಿರದಿಂದ ಕೂಗಿದರು, "ಮೇಡಂ, ವಿಮಾನ ತಪ್ಪತದ್ರೀ!"

"ತಪ್ಪಲಿ ಸರ್," ಎಂದೆ. "ಅವರು ಇನ್ನೂ ನೋಡಿ ಮುಗಿಸಲಿಲ್ಲ."